ದೃಷ್ಟಿಬೊಟ್ಟು

ನಮ್ಮ ಹಿಂದಿನ ತಲೆಮಾರಿನ ತಾಯಂದಿರಿಗೆ ಒಂದು ವಿಚಿತ್ರವಾದ ಭಯವಿತ್ತು. ಮಗು ಮುದ್ದಾಗಿದೆಯೆಂದು ಬಂದವರು ಯಾರಾದರೂ ಎರಡು ಸಲ ಹೇಳಿಬಿಟ್ಟರೆ ಸಾಕು, ಸಂತೋಷಪಡುವುದಕ್ಕೆ ಮೊದಲೇ ಅವರ ಎದೆ ಝಲ್ಲೆನ್ನುತ್ತಿತ್ತು. ಬಂದವರು ಹೊಸಲು ದಾಟುವುದೇ ತಡ, ಒಂದು ಹಿಡಿ ಉಪ್ಪು, ನಾಲ್ಕು ಒಣಮೆಣಸಿನಕಾಯಿ ಹಿಡಿದು ಮಗುವಿಗೆ ಮೂರು ಸುತ್ತು ನಿವಾಳಿಸಿ ಒಲೆಗೆ ಹಾಕುವರು. ನೆಂಟರ ಕಣ್ಣು, ನೆರೆಹೊರೆಯವರ ಕಣ್ಣು, ದಾರಿಹೋಕರ ಕಣ್ಣು ಎಂದು ಒಂದೊಂದು ಕಣ್ಣನ್ನೂ ಹೆಸರಿಟ್ಟು ಕರೆದು ಬೆಂಕಿಗೆ ಒಪ್ಪಿಸುವರು. ಮೆಣಸಿನಕಾಯಿ ಸುಟ್ಟರೂ ಘಾಟು ಏಳದಿದ್ದರೆ, “ನೋಡಿದೆಯಾ, ಎಷ್ಟು ದೃಷ್ಟಿಯಾಗಿತ್ತು ಮಗೂಗೆ!” ಘಾಟು ಎದ್ದರೆ ಮನೆಮಂದಿಯೆಲ್ಲ ಕೆಮ್ಮುವುದು, ಆಗ ದೃಷ್ಟಿ ಬಿಟ್ಟುಹೋಯಿತೆಂದು ಅರ್ಥ. ಒಟ್ಟಿನಲ್ಲಿ ಈ ಶಾಸ್ತ್ರಕ್ಕೆ ಸೋಲೆಂಬುದೇ ಇರಲಿಲ್ಲ. ಇಷ್ಟೂ ಸಾಲದೆಂದು ಮಗುವಿನ ಕೆನ್ನೆಯ ಮೇಲೆ ಕಾಡಿಗೆಯ ಒಂದು ದೊಡ್ಡ ಬೊಟ್ಟು. ಚೆಂದದ ಮುಖವನ್ನು ಬೇಕೆಂದೇ ಒಂದಿಷ್ಟು ಕೆಡಿಸಿ ಹೊರಗೆ ಕಳಿಸುವ ಜಾಣತನ ಅದು.

ನಾಲ್ಕಕ್ಷರ ಕಲಿತ ನಾವು ಇದನ್ನು ಕಂಡು ನಕ್ಕವರೇ. ಕಣ್ಣಿನಿಂದ ಏನು ಹೊರಡುತ್ತದೆ ಸ್ವಾಮಿ? ಬೆಳಕು ಕಣ್ಣಿನೊಳಕ್ಕೆ ಹೋಗುತ್ತದೆಯೇ ಹೊರತು ಕಣ್ಣಿನಿಂದ ಏನೂ ಹೊರಕ್ಕೆ ಬರುವುದಿಲ್ಲವೆಂದು ಹೈಸ್ಕೂಲಿನಲ್ಲಿಯೇ ಓದಿದ್ದೇವೆ. ಅದು ಈಗಲೂ ನಿಜವೇ. ಆದರೆ ಈಚೆಗೆ ಕೆಲವು ವರ್ಷಗಳಿಂದ ನನಗೆ ಒಂದು ಅನುಮಾನ ಹುಟ್ಟಿದೆ. ಆ ತಾಯಂದಿರು ಹೇಳಿದ ಕಾರಣ ತಪ್ಪಾಗಿದ್ದೀತು, ಕಂಡದ್ದು ತಪ್ಪಲ್ಲವೇನೋ. ಬೆಳೆಯುತ್ತಿರುವ ಜೀವಕ್ಕೆ ಬಹಳ ಕಣ್ಣುಗಳು ಒಗ್ಗುವುದಿಲ್ಲ. ಹೊಸದಾಗಿ ನೆಟ್ಟ ಅಡಕೆಯ ಸಸಿಗೆ ಮಲೆನಾಡಿನವರು ಸೋಗೆ ಕಟ್ಟಿ ನೆರಳು ಮಾಡುತ್ತಾರೆ. ಬಿಸಿಲು ಅಡಕೆಗೆ ಶತ್ರುವೇನಲ್ಲ; ಬಿಸಿಲಿಲ್ಲದೆ ಅದು ಬದುಕುವುದೂ ಇಲ್ಲ. ಎಳೆಯದರಲ್ಲಿ ಅಷ್ಟು ಬೇಡ, ಅಷ್ಟೆ.

ಈಗಿನ ಹದಿಹರೆಯದವರ ಭಯವಾದರೋ ಪೂರ್ತಿ ತಿರುವುಮುರುವಾಗಿದೆ. ಕಣ್ಣು ಬಿದ್ದೀತೆಂದು ಅವರು ಹೆದರುವುದಿಲ್ಲ. ಸಾಕಷ್ಟು ಕಣ್ಣು ಬೀಳಲಿಲ್ಲವಲ್ಲ ಎಂದು ಹೆದರುತ್ತಾರೆ. ತಿಂದ ದೋಸೆ, ಉಟ್ಟ ಸೀರೆ, ಹತ್ತಿದ ಬೆಟ್ಟ, ಅತ್ತ ಅಳು, ಎಲ್ಲವನ್ನೂ ಎತ್ತಿ ಆ ಅಂಗೈ ಅಗಲದ ಗಾಜಿನ ಮೇಲಿಟ್ಟು ಕಣ್ಣುಗಳನ್ನು ಕೈಬೀಸಿ ಕರೆಯುತ್ತಾರೆ. ಇದಕ್ಕೆ ನಮ್ಮವರು ಕೊಟ್ಟ ಹೆಸರು ‘ಸಾಮಾಜಿಕ ಜಾಲತಾಣ’. ಪಾರಿಭಾಷಿಕ ಪದಗಳನ್ನು ಟಂಕಿಸುವ ಪಂಡಿತರ ಮೇಲೆ ನನಗೆ ಸಾಮಾನ್ಯವಾಗಿ ಅಷ್ಟು ಭಕ್ತಿಯಿಲ್ಲ. ಆದರೆ ಈ ಪದವನ್ನು ಟಂಕಿಸಿದ ಮಹಾನುಭಾವನಿಗೆ ಒಂದು ಶಾಲು ಹೊದಿಸಬೇಕು. ಇಂಗ್ಲಿಷಿನವರು ‘ಮೀಡಿಯಾ’ ಎಂದು ಮುಚ್ಚಿಟ್ಟದ್ದನ್ನು ಈತ ಜಾಲವೆಂದು ಬಿಚ್ಚಿ ಹೇಳಿಬಿಟ್ಟಿದ್ದಾನೆ. ಬೆಸ್ತನ ಬಲೆಯೂ ಜಾಲವೇ, ಗಾರುಡಿಗನದೂ ಜಾಲವೇ.

ಇಲ್ಲಿ ನನ್ನ ಮೊಮ್ಮಗಳ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಅವಳಿಗೆ ಈಗ ಹದಿನಾರು ತುಂಬಿದೆ, ಪಿ.ಯು. ಮೊದಲ ವರ್ಷ. ಒಂಬತ್ತೋ ಹತ್ತೋ ವರ್ಷದವಳಿದ್ದಾಗ ನನ್ನ ಹೆಂಡತಿ ಅವಳಿಗೆ ರಂಗೋಲಿಯ ಹುಚ್ಚು ಹಿಡಿಸಿದಳು. ಹೆಬ್ಬೆರಳು ತೋರುಬೆರಳುಗಳ ನಡುವೆ ಪುಡಿ ಹಿಡಿದು, ಎಳೆ ಕಡಿಯದಂತೆ, ದಪ್ಪವಾಗದಂತೆ ಬಿಡುತ್ತ ಹೋಗುವುದು ನೋಡುವವರಿಗೆ ಸುಲಭ. ನಾನೊಮ್ಮೆ ಪ್ರಯತ್ನಿಸಿದಾಗ ಅಕ್ಕಿ ಚೆಲ್ಲಿದಂತಾಯಿತು. ಹುಡುಗಿಯ ಕೈ ಮಾತ್ರ ಬೇಗ ಹದಕ್ಕೆ ಬಂತು. ಎರಡು ವರ್ಷ ಕಳೆಯುವಷ್ಟರಲ್ಲಿ ಹದಿನೈದು ಚುಕ್ಕಿ ಎಂಟರ ತನಕ ಸಂದುಚುಕ್ಕಿ ಇಟ್ಟು, ಇಟ್ಟ ಒಂದು ಚುಕ್ಕಿಯನ್ನೂ ಅನಾಥವಾಗಿ ಬಿಡದೆ, ಹೊರಟಲ್ಲಿಗೇ ಎಳೆಯನ್ನು ತಂದು ಸೇರಿಸುತ್ತಿದ್ದಳು.

ಹನುಮಂತನಗರದ ನಮ್ಮ ಬೀದಿ ಬೆಳಿಗ್ಗೆ ಆರು ಗಂಟೆಗೆ ಈಗಲೂ ಒಂದಿಷ್ಟು ಹಳೆಯ ಕಾಲದ ಹಾಗೆಯೇ ಇರುತ್ತದೆ. ಹಾಲು ತರುವ ಹುಡುಗ ಗಾಡಿ ನಿಲ್ಲಿಸಿ ರಂಗೋಲಿಯನ್ನು ಬಳಸಿಕೊಂಡು ಒಳಕ್ಕೆ ಬರುತ್ತಿದ್ದ. ಹೂವಿನವಳು ಮೊಳ ಹಾಕುವುದನ್ನು ಒಂದು ಕ್ಷಣ ನಿಲ್ಲಿಸಿ ನೋಡುತ್ತಿದ್ದಳು. ಎದುರುಮನೆಯಾಕೆ ಕಾಫಿ ಲೋಟ ಹಿಡಿದುಕೊಂಡೇ ಕಾಂಪೌಂಡಿನ ಆಚೆಯಿಂದ, “ಇವತ್ತು ಎಷ್ಟು ಚುಕ್ಕಿಯೇ?” ಎಂದು ಕೇಳುವರು. ನನ್ನ ಹೆಂಡತಿಯದು ಕಟುವಿಮರ್ಶೆ: “ಬಲಗಡೆ ಮೂಲೆ ಎಳೆ ದಪ್ಪ ಆಯ್ತು ನೋಡು. ಕೈ ನಡುಗಿತೇನು? ತಿಂಡಿ ತಿನ್ನದೆ ಕೂತ್ಕೋಬೇಡ ಅಂತ ಹೇಳಲಿಲ್ಲವೇ?” ಒಂಬತ್ತು ಗಂಟೆಗೆ ಸ್ಕೂಟರುಗಳು, ಶಾಲೆಯ ವ್ಯಾನುಗಳು ಹೊರಟರೆ ಅರ್ಧ ರಂಗೋಲಿ ಮಾಯ, ಮಧ್ಯಾಹ್ನಕ್ಕೆ ನೆಲ ಮಾತ್ರ. ಯಾರಿಗೂ ಅದರಿಂದ ವ್ಯಸನವಿರಲಿಲ್ಲ. ನಾಳೆ ಇದ್ದೇ ಇದೆಯಲ್ಲ. ನಿನ್ನ ರಂಗೋಲಿಯನ್ನು ಮೆಚ್ಚಿದವರೆಷ್ಟು ಮಂದಿ ಎಂದು ಆಗ ಅವಳನ್ನು ಕೇಳಿದ್ದರೆ ಪ್ರಶ್ನೆಯೇ ಅವಳಿಗೆ ಅರ್ಥವಾಗುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಸಂಕ್ರಾಂತಿಯ ದಿನ ಒಂದು ದೊಡ್ಡ ರಂಗೋಲಿ ಹಾಕಿದಳು. ಕಬ್ಬು, ಮಡಕೆ, ಎತ್ತು, ಎಲ್ಲ ಇದ್ದುವು. ಅದರ ಫೋಟೋ ಹಿಡಿದು ತನ್ನ ಗೆಳತಿಯರೆಲ್ಲ ಇರುವ ಯಾವುದೋ ಒಂದು ತಾಣದಲ್ಲಿ ಹಾಕಿದಳು. ಸಂಜೆಯ ಹೊತ್ತಿಗೆ ೩೧೨ ಲೈಕುಗಳು ಬಂದಿದ್ದುವು. ಅಂದು ಅವಳ ಮುಖ ನೋಡಬೇಕಾಗಿತ್ತು. ಎಳ್ಳು ಬೀರಿದ್ದು ಬೀದಿಗೆಲ್ಲ, ಬೀಗಿದ್ದು ಅವಳು. ನಾನೂ ಸಂತೋಷಪಟ್ಟೆ. ೩೧೨ ಜನ ನಮ್ಮ ಬಾಗಿಲಿಗೆ ಬಂದಿದ್ದರೆ ಕಾಫಿಪುಡಿ ಸಾಲುತ್ತಿರಲಿಲ್ಲ.

ಅಲ್ಲಿಂದ ಮುಂದೆ ರಂಗೋಲಿಯ ಗತಿಯೇ ಬೇರೆಯಾಯಿತು. ಮೊದಲು ಬಾಗಿಲಿಗೆ ಬರುವವರ ಕಣ್ಣಿಗೆ ಒಪ್ಪುವಂತೆ ಹಾಕುತ್ತಿದ್ದವಳು ಈಗ ಮಹಡಿಯ ಮೇಲಿಂದ ಹೇಗೆ ಕಾಣುತ್ತದೆಂದು ಹತ್ತಿ ಇಳಿಯತೊಡಗಿದಳು. ಬಿಳಿಯ ಎಳೆಗೆ ಬೆಲೆಯಿಲ್ಲವೆಂದು ಬಣ್ಣ ತುಂಬಿದಳು. ಬೆಳಿಗ್ಗೆ ಆರಕ್ಕೆ ಹಾಕಿದ ರಂಗೋಲಿಯ ಫೋಟೋವನ್ನು ರಾತ್ರಿ ಎಂಟರ ತನಕ ತಡೆದಿಟ್ಟುಕೊಂಡಳು. ಆ ಹೊತ್ತಿಗೆ ಕಣ್ಣುಗಳು ಹೆಚ್ಚಾಗಿ ಸಿಕ್ಕುತ್ತವೆಂದು ಯಾರೋ ಗೆಳತಿ ಹೇಳಿಕೊಟ್ಟಿದ್ದಳಂತೆ. ಇಷ್ಟೆಲ್ಲ ಮಾಡಿದರೂ ಅಂಕಿ ಇಳಿಯಿತು. ೪೦ ಬಂತು, ೨೭ ಬಂತು, ೧೯ ಬಂತು. ಕಡೆಕಡೆಗೆ ಹಾಕಿದ ಫೋಟೋವನ್ನು ಒಂದು ಗಂಟೆಯೊಳಗೆ ತಾನೇ ಅಳಿಸಿಬಿಡುತ್ತಿದ್ದಳು. ನೆಲದ ಮೇಲೆ ಅಳಿಯಲೆಂದೇ ಹಾಕಿದ್ದು ಮಧ್ಯಾಹ್ನದ ತನಕ ಬಾಳುತ್ತಿತ್ತು. ಶಾಶ್ವತವಾಗಿರಲೆಂದು ಹಿಡಿದಿಟ್ಟದ್ದು ಒಂದು ಗಂಟೆ ಬಾಳಲಿಲ್ಲ. ಕಳೆದ ವರ್ಷದ ಶ್ರಾವಣದ ಹೊತ್ತಿಗೆ ರಂಗೋಲಿಯೇ ನಿಂತಿತು.

“ಯಾಕಮ್ಮ ಬಿಟ್ಟೆ?” ಎಂದು ಕೇಳಿದೆ.

“ಚೆನ್ನಾಗಿ ಬರೋಲ್ಲ ತಾತ.”

“ಚೆನ್ನಾಗಿಲ್ಲ ಅಂತ ಯಾರು ಹೇಳಿದರು?”

“ಯಾರೂ ಏನೂ ಹೇಳಲಿಲ್ಲ. ಅದೇ.”

ಆ ‘ಅದೇ’ ಎಂಬ ಎರಡಕ್ಷರ ಈ ತನಕ ನನ್ನನ್ನು ಬಿಟ್ಟಿಲ್ಲ. ಅವಳನ್ನು ಯಾರೂ ಬಯ್ಯಲಿಲ್ಲ, ಹಂಗಿಸಲಿಲ್ಲ. ಆ ಜಾಲದಲ್ಲಿ ಬಯ್ಯುವವರು, ಹಂಗಿಸುವವರು, ಇನ್ನೂ ಕೆಟ್ಟ ಕೆಲಸ ಮಾಡುವವರು ಬೇಕಾದಷ್ಟು ಮಂದಿಯಿದ್ದಾರೆ. ಅವರ ಕಥೆಯನ್ನು ಪೊಲೀಸಿನವರು ಹೇಳಬೇಕು. ನಾನು ಹೇಳುತ್ತಿರುವುದು ಸಾಧಾರಣವಾದ ಮನೆಯ ಸಾಧಾರಣವಾದ ಹುಡುಗಿಯ ಮಾತು. ಅವಳನ್ನು ಸೋಲಿಸಿದ್ದು ಒಂದು ಅಂಕಿ. ಅಂಕಿಯೊಡನೆ ಜಗಳವಾಡುವಂತಿಲ್ಲ. ಅಜ್ಜಿ “ಎಳೆ ದಪ್ಪವಾಯಿತು” ಎಂದರೆ “ಇಲ್ಲವೇ ಇಲ್ಲ, ನಿನ್ನ ಕನ್ನಡಕ ಸರಿಯಿಲ್ಲ” ಎನ್ನಬಹುದು, ಅಥವಾ ನಾಳೆ ತೆಳ್ಳಗೆ ಬಿಡಬಹುದು. ೧೯ ಎಂಬುದಕ್ಕೆ ಏನೆಂದು ಉತ್ತರ ಕೊಡುವುದು? ಅದು ಎಳೆಯ ಬಗೆಗೆ ಹೇಳುತ್ತಿದೆಯೋ, ಬಣ್ಣದ ಬಗೆಗೆ ಹೇಳುತ್ತಿದೆಯೋ, ಅಂದು ರಾತ್ರಿ ಕ್ರಿಕೆಟ್ ಮ್ಯಾಚ್ ಇತ್ತೆಂದು ಹೇಳುತ್ತಿದೆಯೋ? ಹುಡುಗಿ ಅದನ್ನು ಓದುವುದು ಒಂದೇ ರೀತಿ: ನಿನ್ನ ಬಗೆಗೆ ಹೇಳುತ್ತಿದೆ.

ಈ ಅಂಕಿ ದೈವದತ್ತವಾದದ್ದಲ್ಲ. ಅದಕ್ಕೊಂದು ಜನ್ಮದಿನವಿದೆ. ಫೇಸ್‌ಬುಕ್ಕಿನವರು ‘ಲೈಕ್’ ಗುಂಡಿಯನ್ನು ೨೦೦೯ರ ಫೆಬ್ರವರಿಯಲ್ಲಿ ಇಟ್ಟರು. ಮೊದಲು ಅದಕ್ಕೆ ‘ಆಸಮ್’ ಎಂದು ಹೆಸರಿಡುವ ಯೋಚನೆಯಿತ್ತಂತೆ, ‘ಭಲೆ!’ ಎಂದ ಹಾಗೆ. ಆಮೇಲೆ ಸಪ್ಪೆಯಾದ ‘ಲೈಕ್’ ಗೆದ್ದಿತು. ಮರುವರ್ಷದ ಅಕ್ಟೋಬರಿನಲ್ಲಿ ಇನ್‌ಸ್ಟಾಗ್ರಾಂ ಬಂತು. ಮಾಡಿದವರ ಉದ್ದೇಶ ಕೆಟ್ಟದ್ದಿರಲಿಲ್ಲವೆಂದೇ ಇಟ್ಟುಕೊಳ್ಳೋಣ. ಒಂದು ಒಳ್ಳೆಯ ಮಾತಾಡುವುದಕ್ಕೆ ಸೋಮಾರಿತನ ಪಡುವ ಮನುಷ್ಯನಿಗೆ ಬೆರಳಲ್ಲಿ ಒತ್ತಿದರೆ ಸಾಕೆಂಬ ಸೌಲಭ್ಯ ಒದಗಿಸಿದರು. ಆದರೆ ಬೆರಳುಗಳನ್ನು ಕೂಡಿಸಿ ಮೊತ್ತವನ್ನು ಊರಿಗೆಲ್ಲ ಕಾಣುವಂತೆ ಬರೆದು ಹಾಕಿದರಲ್ಲ, ಅಲ್ಲಿ ಮೆಚ್ಚುಗೆ ಹೋಗಿ ಲೆಕ್ಕ ಕುಳಿತಿತು.

ನೀವು ಕೇಳಬಹುದು: ಅಂಕಿಯೆಂಬುದು ನಮ್ಮ ಕಾಲದಲ್ಲಿ ಇರಲಿಲ್ಲವೇ? ಇತ್ತು ಸ್ವಾಮಿ, ಧಾರಾಳವಾಗಿತ್ತು. ಗಣಿತದಲ್ಲಿ ನೂರಕ್ಕೆ ಮೂವತ್ತೈದು ಬಂದ ದಿನ ಮನೆಗೆ ಹೋಗುವ ದಾರಿ ಎಷ್ಟು ಉದ್ದವೆಂಬುದು ನನಗೆ ಗೊತ್ತು. ಆದರೆ ಅದು ವರ್ಷಕ್ಕೆ ಮೂರು ಸಲ ಬರುತ್ತಿತ್ತು. ಕೊಡುವವರು ಮೇಷ್ಟರು, ಯಾವ ಲೆಕ್ಕ ತಪ್ಪಿತೆಂದು ಕೆಂಪು ಮಸಿಯಲ್ಲಿ ಗೀಚಿರುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಮೂಗಿಗೆ, ನಮ್ಮ ಬಟ್ಟೆಗೆ, ನಮ್ಮ ಸ್ನೇಹಕ್ಕೆ, ನಾವು ದಸರಾ ರಜೆಯಲ್ಲಿ ಅಜ್ಜಿಯ ಮನೆಗೆ ಹೋದದ್ದಕ್ಕೆ ಯಾರೂ ಮಾರ್ಕು ಕೊಡುತ್ತಿರಲಿಲ್ಲ. ಪರೀಕ್ಷೆ ಮುಗಿದರೆ ಮುಗಿಯಿತು. ಈಗಿನ ಹುಡುಗರಿಗೆ ಪರೀಕ್ಷೆಯ ಕೊಠಡಿಯಿಂದ ಹೊರಕ್ಕೆ ಬರುವ ಬಾಗಿಲೇ ಇಲ್ಲ.

ಸ್ನೇಹಕ್ಕೂ ಮಾರ್ಕು ಎಂದೆನಲ್ಲ, ಅದು ಉತ್ಪ್ರೇಕ್ಷೆಯಲ್ಲ. ಇನ್ನೊಂದು ತಾಣದಲ್ಲಿ ಇಬ್ಬರು ಸ್ನೇಹಿತರು ಎಡೆಬಿಡದೆ ದಿನಾ ಒಬ್ಬರಿಗೊಬ್ಬರು ಒಂದು ಚಿತ್ರ ಕಳಿಸಬೇಕು. ಹಾಗೆ ಎಷ್ಟು ದಿನ ಕಳಿಸಿದರೆಂಬ ಅಂಕಿ ಅವರ ಹೆಸರಿನ ಪಕ್ಕದಲ್ಲಿ ಒಂದು ಪುಟ್ಟ ಬೆಂಕಿಯ ಗುರುತಿನೊಡನೆ ಉರಿಯುತ್ತಿರುತ್ತದೆ. ಇಪ್ಪತ್ತನಾಲ್ಕು ಗಂಟೆಯೊಳಗೆ ಒಬ್ಬ ತಪ್ಪಿದರೂ ಬೆಂಕಿ ಆರಿತು, ಅಂಕಿ ಸೊನ್ನೆಗೆ ಬಂತು. ನಮ್ಮ ಪಕ್ಕದ ಮನೆಯ ಹುಡುಗ ಹೋದ ಬೇಸಿಗೆಯಲ್ಲಿ ಸೋದರಮಾವನ ಮದುವೆಗೆಂದು ಸಿಗ್ನಲ್ ಸಿಗದ ಹಳ್ಳಿಗೆ ಹೊರಟಾಗ ತನ್ನ ಗುಪ್ತಪದವನ್ನು ಇನ್ನೊಬ್ಬ ಗೆಳೆಯನಿಗೆ ಒಪ್ಪಿಸಿ ಹೋದ. ಅವನು ಇವನ ಪರವಾಗಿ ಏಳು ಮಂದಿಗೆ ದಿನಾ ಒಂದೊಂದು ಚಿತ್ರ ಕಳಿಸಬೇಕು. ಅವನು ಕಳಿಸಿದ್ದು ಮನೆಯ ಗೋಡೆಯ ಚಿತ್ರ, ಫ್ಯಾನಿನ ಚಿತ್ರ. ಆ ಏಳು ಮಂದಿಯಲ್ಲಿ ಮೂವರು ಕಳಿಸುತ್ತಿದ್ದುದೂ ಗೋಡೆಯನ್ನೇ. ದೇವಸ್ಥಾನದ ನಂದಾದೀಪಕ್ಕೆ ಎಣ್ಣೆ ಹಾಕುವ ಪಾಳಿಯನ್ನು ಅರ್ಚಕರು ದಾಯಾದಿಗೆ ವಹಿಸಿ ಊರಿಗೆ ಹೋಗುವುದನ್ನು ನಾನು ಕಂಡಿದ್ದೇನೆ. ಅಲ್ಲಿ ಎದುರಿಗೆ ದೇವರಾದರೂ ಇರುತ್ತಾನೆ. ಇಲ್ಲಿ ಗೋಡೆ ಗೋಡೆಗೆ ನಮಸ್ಕಾರ ಮಾಡುತ್ತಿದೆ.

ಇದರ ಹಿಂದಿರುವ ಯುಕ್ತಿ ಹೊಸದಲ್ಲ. ಬಿ. ಎಫ್. ಸ್ಕಿನ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು, ಗುಂಡಿಯನ್ನು ಕುಕ್ಕಿದರೆ ಕಾಳು ಬೀಳುವಂತೆ ಮಾಡಿದ. ಫರ್ಸ್ಟರ್ ಎಂಬ ಜೊತೆಗಾರನೊಡನೆ ೧೯೫೭ರಲ್ಲಿ ಆತ ಪ್ರಕಟಿಸಿದ ದಪ್ಪ ಪುಸ್ತಕದಲ್ಲಿ ಇದೇ ಲೆಕ್ಕ. ಇಷ್ಟು ಸಲ ಕುಕ್ಕಿದರೆ ಕಾಳು ಎಂಬ ನಿಯಮ ಗೊತ್ತಿದ್ದರೆ ಪಾರಿವಾಳ ಕಾಳು ತಿಂದು ಒಂದಿಷ್ಟು ವಿಶ್ರಮಿಸುತ್ತದೆ. ಕಾಳು ಯಾವಾಗ ಬೀಳುತ್ತದೋ ಗೊತ್ತಿಲ್ಲದಂತೆ ಮಾಡಿದರೆ ಬಿಡುವಿಲ್ಲದೆ ಕುಕ್ಕುತ್ತದೆ. ೩೧೨ ಒಂದು ಸಲ ಬಿದ್ದಿತ್ತು, ಮತ್ತೆ ಯಾವಾಗ ಬಿದ್ದೀತು? ಫೇಸ್‌ಬುಕ್ಕಿನ ಮೊದಲ ಅಧ್ಯಕ್ಷನಾಗಿದ್ದ ಶಾನ್ ಪಾರ್ಕರ್ ಎಂಬವನೇ ೨೦೧೭ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡ: ಜನರ ಹೊತ್ತನ್ನೂ ಗಮನವನ್ನೂ ಆದಷ್ಟು ಹೀರುವುದು ಹೇಗೆಂಬುದೇ ತಮ್ಮ ಯೋಚನೆಯಾಗಿತ್ತು, ಮನುಷ್ಯನ ಮನಸ್ಸಿನಲ್ಲಿರುವ ಒಂದು ಬಿರುಕನ್ನು ತಿಳಿದೂ ತಿಳಿದೂ ಬಳಸಿಕೊಂಡೆವು ಎಂದು. ಬೆರಳಾಡಿಸಿದಷ್ಟೂ ಮುಗಿಯದೆ ಕೆಳಗಿನಿಂದ ಉಕ್ಕಿಬರುವ ಪುಟವನ್ನು ೨೦೦೬ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಕೂಡ ಮುಂದೆ ಪಶ್ಚಾತ್ತಾಪ ಪಟ್ಟಿದ್ದಾನೆ. ಪತ್ರಿಕೆಗೆ ಕೊನೆಯ ಪುಟವೆಂಬುದಿದೆ. ಆ ಪುಟ ಬಂದಾಗ ಮಡಿಸಿಟ್ಟು ಸ್ನಾನಕ್ಕೆ ಏಳುತ್ತೇವೆ. ಏಳುವುದಕ್ಕೂ ಒಂದು ನೆಪ ಬೇಕಲ್ಲ.

ಕಂಪನಿಯವರಿಗೆ ಇದು ತಿಳಿಯದೆಯೂ ಇಲ್ಲ. ೨೦೧೯ರಲ್ಲಿ ಇನ್‌ಸ್ಟಾಗ್ರಾಂನವರು ಮೊದಲು ಕೆನಡಾದಲ್ಲಿ, ಆಮೇಲೆ ಆಸ್ಟ್ರೇಲಿಯಾ, ಜಪಾನ್, ಬ್ರೆಜಿಲ್ ಮೊದಲಾದ ದೇಶಗಳಲ್ಲಿ ಲೈಕಿನ ಅಂಕಿಯನ್ನು ಪರರ ಕಣ್ಣಿಗೆ ಕಾಣದಂತೆ ಮುಚ್ಚಿ ನೋಡಿದರು. ಹಾಕಿದವರಿಗೆ ಮಾತ್ರ ತಮ್ಮ ಅಂಕಿ ಕಾಣುತ್ತಿತ್ತು. ೨೦೨೧ರ ಮೇ ತಿಂಗಳಲ್ಲಿ, ಬೇಕಾದವರು ಮುಚ್ಚಿಕೊಳ್ಳಿ, ಬೇಡವಾದವರು ಬಿಡಿ ಎಂದು ಬಳಸುವವರ ಕೈಗೇ ಬಿಟ್ಟುಬಿಟ್ಟರು. ಇದನ್ನು ಓದಿ ನನಗೆ ಉತ್ಸಾಹ ಬಂದು ಮೊಮ್ಮಗಳಿಗೆ, “ನೋಡಮ್ಮ, ಮುಚ್ಚಿಡುವ ಉಪಾಯವಿದೆಯಂತೆ” ಎಂದೆ. ಅವಳು ನನ್ನನ್ನು ಕನಿಕರದಿಂದ ನೋಡಿ, “ತಾತ, ಮುಚ್ಚಿಟ್ಟಿದ್ದಾಳೆ ಅಂದರೆ ಕಡಿಮೆ ಬಂದಿದೆ ಅಂತಲೇ ಅರ್ಥ ಅಲ್ಲವೇ?” ಎಂದಳು. ನ್ಯಾಯಶಾಸ್ತ್ರ ಓದಿದವರೂ ಈ ತರ್ಕಕ್ಕೆ ಉತ್ತರ ಕೊಡಲಾರರು. ಎಲ್ಲರಿಗೂ ಮುಚ್ಚಿದರೆ ಅದು ಮರ್ಯಾದೆ. ಒಬ್ಬಳು ಮುಚ್ಚಿಕೊಂಡರೆ ಅದೇ ಚಾಡಿ.

ಅದೇ ೨೦೨೧ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿಸ್ ಹೌಗನ್ ಎಂಬಾಕೆ, ಫೇಸ್‌ಬುಕ್ಕಿನಲ್ಲಿ ಕೆಲಸ ಮಾಡಿ ಬಿಟ್ಟವರು, ಹೊರಕ್ಕೆ ತಂದ ಕಾಗದಪತ್ರಗಳ ಆಧಾರದ ಮೇಲೆ ‘ವಾಲ್ ಸ್ಟ್ರೀಟ್ ಜರ್ನಲ್’ ಪತ್ರಿಕೆ ಲೇಖನಮಾಲೆ ಪ್ರಕಟಿಸಿತು. ತಮ್ಮ ಮೈಕಟ್ಟಿನ ಬಗೆಗೆ ಮೊದಲೇ ಬೇಸರಪಟ್ಟಿದ್ದ ಹುಡುಗಿಯರಲ್ಲಿ ಸುಮಾರು ಮೂವರಲ್ಲಿ ಒಬ್ಬಳು ಇನ್‌ಸ್ಟಾಗ್ರಾಂ ನೋಡಿ ಆ ಬೇಸರ ಹೆಚ್ಚಾಯಿತೆಂದು ಹೇಳಿದ್ದು ಕಂಪನಿಯ ಸ್ವಂತ ವಿಚಾರಣೆಯಲ್ಲಿಯೇ ಇತ್ತು. ಉಳಿದ ಎಷ್ಟೋ ವಿಷಯಗಳಲ್ಲಿ ಹುಡುಗಿಯರು ಒಳ್ಳೆಯ ಮಾತನ್ನೇ ಆಡಿದ್ದಾರೆಂದು ಕಂಪನಿ ಸಮಜಾಯಿಷಿ ಕೊಟ್ಟಿತು. ಇದ್ದೀತು. ಹಿಂದೆ ನಮ್ಮ ಹುಡುಗಿಯರು ತಮ್ಮನ್ನು ಹೋಲಿಸಿಕೊಳ್ಳುತ್ತಿದ್ದುದು ಕೇರಿಯ ನಾಲ್ಕು ಹುಡುಗಿಯರೊಡನೆ, ಹೆಚ್ಚೆಂದರೆ ಮದುವೆಮನೆಯಲ್ಲಿ ಕಂಡ ಹತ್ತು ಮಂದಿಯೊಡನೆ. ಆ ಹತ್ತರಲ್ಲಿ ಒಬ್ಬಳಿಗೆ ಉಬ್ಬುಹಲ್ಲು, ಇನ್ನೊಬ್ಬಳಿಗೆ ಮೊಡವೆ ಇದ್ದೇ ಇರುತ್ತಿದ್ದುವು. ಅದೂ ಒಂದು ಸಮಾಧಾನವೇ.

ಹಾಗಾದರೆ ವಿದ್ವಾಂಸರು ಏನೆನ್ನುತ್ತಾರೆ? ಅವರಲ್ಲಿ ಒಮ್ಮತವಿಲ್ಲ, ಒಮ್ಮತವಿದ್ದರೆ ವಿದ್ವಾಂಸರೇ ಅಲ್ಲ. ಅಮೆರಿಕದ ಸರ್ಜನ್ ಜನರಲ್ ಆಗಿದ್ದ ವಿವೇಕ್ ಮೂರ್ತಿಯವರು ೨೦೨೩ರ ಮೇ ತಿಂಗಳಲ್ಲಿ ಈ ವಿಷಯವಾಗಿಯೇ ಒಂದು ಎಚ್ಚರಿಕೆಯ ಪತ್ರ ಹೊರಡಿಸಿದರು. ಅವರು ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಬೆಳೆದದ್ದು ಅಮೆರಿಕದಲ್ಲಿ. ಮೂಲ ಮಂಡ್ಯ ಜಿಲ್ಲೆಯ ಹಲ್ಲೆಗೆರೆ. ಆ ದೇಶದ ೧೩ರಿಂದ ೧೭ ವಯಸ್ಸಿನವರಲ್ಲಿ ನೂರಕ್ಕೆ ೯೫ರ ತನಕ ಈ ತಾಣಗಳನ್ನು ಬಳಸುತ್ತಾರೆಂದೂ, ದಿನಕ್ಕೆ ೩ ಗಂಟೆಗಿಂತ ಹೆಚ್ಚು ಹೊತ್ತು ಅಲ್ಲಿ ಕಳೆಯುವ ಮಕ್ಕಳಲ್ಲಿ ಖಿನ್ನತೆ, ಆತಂಕಗಳ ಅಪಾಯ ಎರಡು ಪಾಲೆಂದೂ ಅದರಲ್ಲಿದೆ. ೨೦೨೪ರ ಜೂನ್ ತಿಂಗಳಲ್ಲಿ ಅವರು ಸಿಗರೇಟಿನ ಪ್ಯಾಕಿನ ಮೇಲಿರುವಂತೆ ಇವುಗಳ ಮೇಲೂ ಎಚ್ಚರಿಕೆಯ ಪಟ್ಟಿ ಅಂಟಿಸಬೇಕೆಂದರು. ಇದಕ್ಕೆ ಎದುರಾಗಿ ಆಕ್ಸ್‌ಫರ್ಡಿನ ಏಮಿ ಆರ್ಬೆನ್, ಆಂಡ್ರ್ಯೂ ಶಿಬಿಲ್‌ಸ್ಕಿ ಎಂಬ ಇಬ್ಬರು ೨೦೧೯ರಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ ಲೆಕ್ಕ ಹಾಕಿ, ಈ ಪರದೆಗಳ ಬಳಕೆಗೂ ಮಕ್ಕಳ ನೆಮ್ಮದಿಯ ಏರುಪೇರಿಗೂ ಇರುವ ಸಂಬಂಧ ನೂರಕ್ಕೆ ಅರ್ಧದಷ್ಟೂ ಇಲ್ಲವೆಂದು ತೋರಿಸಿದರು. ಆಲೂಗೆಡ್ಡೆ ತಿನ್ನುವುದಕ್ಕೂ ನೆಮ್ಮದಿಗೂ ಇರುವ ಸಂಬಂಧ ಹೆಚ್ಚುಕಡಿಮೆ ಇಷ್ಟೇ. ಕನ್ನಡಕ ಹಾಕುವುದು ಇದಕ್ಕಿಂತ ಕೆಟ್ಟದ್ದಾಗಿ ಕಂಡಿತು! ಹನ್ನೆರಡನೆಯ ವಯಸ್ಸಿನಿಂದ ಕನ್ನಡಕ ಹಾಕಿಕೊಂಡು, ವಾರಕ್ಕೆರಡು ಸಲ ಆಲೂಗೆಡ್ಡೆ ಪಲ್ಯ ಹೊಡೆಯುವ ನಾನು ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಆ ವಿದ್ವಾಂಸರ ಲೆಕ್ಕವನ್ನು ತಪ್ಪೆನ್ನಲು ನಾನು ಯಾರು? ಆದರೆ ನೂರು ಮನೆಯ ಬೀದಿಯಲ್ಲಿ ಒಂದು ಮನೆಗೆ ಕಳ್ಳ ನುಗ್ಗಿದರೆ ಬೀದಿಯ ಸರಾಸರಿ ನಷ್ಟ ಚಿಲ್ಲರೆ. ಆ ಮನೆಯವರಿಗೆ ಸರಾಸರಿಯಿಂದ ಪಾತ್ರೆ ವಾಪಸು ಬರುವುದಿಲ್ಲ. ಅದೂ ಅಲ್ಲದೆ ಇವರೆಲ್ಲ ಹೆಚ್ಚಾಗಿ ಅಳೆಯುತ್ತಿರುವುದು ಹೊತ್ತನ್ನು. ಎಷ್ಟು ಗಂಟೆ ನೋಡಿದೆ, ಎಷ್ಟು ನಿಮಿಷ ನೋಡಿದೆ? ನಮ್ಮ ಹುಡುಗಿ ತನ್ನ ರಂಗೋಲಿಯ ಅಂಕಿ ನೋಡಲು ದಿನಕ್ಕೆ ಹತ್ತು ನಿಮಿಷ ಕಳೆದಿದ್ದರೆ ಹೆಚ್ಚು. ಯಾವ ವೈದ್ಯನೂ ಅದನ್ನು ವ್ಯಸನವೆನ್ನಲಾರ. ಆ ಹತ್ತು ನಿಮಿಷ ಅವಳ ಆರು ವರ್ಷದ ಕೈಗುಣವನ್ನು ತಿಂದುಹಾಕಿತು.

ಜಾಲದಲ್ಲಿ ಒಳ್ಳೆಯದೇ ಇಲ್ಲವೆಂದರೆ ಅದು ಅನ್ಯಾಯದ ಮಾತಾದೀತು. ನನ್ನ ಗೆಳೆಯರೊಬ್ಬರ ಮೊಮ್ಮಗನಿಗೆ ತೊದಲುಂಟು. ಶಾಲೆಯಲ್ಲಿ ಹಾಜರಿ ಹೇಳುವುದಕ್ಕೂ ಅಳುಕುತ್ತಿದ್ದವನು ಅದೇ ಜಾಲದಲ್ಲಿ ತನ್ನಂತೆಯೇ ತೊದಲುವ ಹುಡುಗರನ್ನು ಕಂಡುಕೊಂಡ. ಈಗ ಅವರೆಲ್ಲ ಸೇರಿ ವಾರಕ್ಕೊಮ್ಮೆ ಮನಬಂದಷ್ಟು ತೊದಲಿ ಹರಟೆ ಹೊಡೆಯುತ್ತಾರೆ. ಹುಡುಗನ ಬೆನ್ನು ನೆಟ್ಟಗಾಗಿದೆ. ಅವನ ಊರಿನಲ್ಲಿ ಇನ್ನೊಬ್ಬ ತೊದಲುವ ಹುಡುಗನನ್ನು ಹುಡುಕಿಕೊಡುವುದು ಅಜ್ಜನಿಂದ ಆಗುವ ಕೆಲಸವಾಗಿರಲಿಲ್ಲ. ಆದರೆ ಒಂದನ್ನು ಗಮನಿಸಿದ್ದೇನೆ: ಅವರ ಹರಟೆಗೆ ಅಂಕಿಯಿಲ್ಲ. ಹನ್ನೊಂದು ಜನ, ಹನ್ನೊಂದೇ ಜನ.

ಸರ್ಕಾರಗಳು ಎಚ್ಚೆತ್ತುಕೊಂಡಿವೆ. ಆಸ್ಟ್ರೇಲಿಯಾದವರು ೨೦೨೪ರ ನವೆಂಬರಿನಲ್ಲಿ ಕಾಯಿದೆ ಮಾಡಿ, ೨೦೨೫ರ ಡಿಸೆಂಬರ್ ೧೦ರಿಂದ ಹದಿನಾರು ತುಂಬದವರಿಗೆ ಈ ತಾಣಗಳಲ್ಲಿ ಖಾತೆಯಿಲ್ಲವೆಂದರು. ಕಾಯಿದೆ ಮೀರಿದರೆ ದಂಡ ಮಕ್ಕಳಿಗಲ್ಲ, ಕಂಪನಿಗೆ. ಅದೊಂದು ಒಳ್ಳೆಯ ಬುದ್ಧಿ. ನಮ್ಮ ಬೆಳಗಾವಿ, ವಿಜಯಪುರ ಜಿಲ್ಲೆಗಳಿಗೆ ಅಂಟಿಕೊಂಡ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯವರು ೨೦೨೨ರಲ್ಲಿ ಕಾಯಿದೆಗೆ ಕಾಯದೆ ದೇವಸ್ಥಾನದ ಮೇಲೆ ಸೈರನ್ ಕಟ್ಟಿ ಸಂಜೆ ಏಳಕ್ಕೆ ಕೂಗಿಸಿದರು. ಎಂಟೂವರೆಯ ತನಕ ಊರಿನಲ್ಲಿ ಟಿ.ವಿ.ಯಿಲ್ಲ, ಮೊಬೈಲಿಲ್ಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಂತೂ ೨೦೧೪ರಲ್ಲಿಯೇ ಇಂಥ ಗೀಳಿಗೆಂದು ಪ್ರತ್ಯೇಕವಾದ ಚಿಕಿತ್ಸಾಲಯ ತೆರೆಯಿತು. ಎಲ್ಲವೂ ಬೇಕಾದದ್ದೇ. ಆದರೆ ಸೈರನ್ ನಿಲ್ಲಿಸುವುದು ಹೊತ್ತನ್ನು. ಎಂಟೂ ಮೂವತ್ತೊಂದಕ್ಕೆ ಅಂಕಿ ಅಲ್ಲಿಯೇ ಕಾದು ಕುಳಿತಿರುತ್ತದೆ.

ಇನ್ನು ನಮ್ಮ, ಅಂದರೆ ಹಿರಿಯರ ಸಂಗತಿ. ಮಕ್ಕಳನ್ನು ಈ ಸಂತೆಗೆ ಎಳೆದು ತಂದವರು ಯಾರು? ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ ಬೆಳಿಗ್ಗೆ ಹತ್ತಕ್ಕೆ ಮಗುವಿಗಿಂತ ಮೊದಲು ಅಂಕಪಟ್ಟಿ ನೋಡಿ, ಹತ್ತೂ ಐದಕ್ಕೆ ಬಂಧುಗಳ ಬಳಗಕ್ಕೆಲ್ಲ ಅದನ್ನು ಹಂಚಿ, ಎಷ್ಟು ಮಂದಿ ಹೆಬ್ಬೆರಳೆತ್ತಿದರೆಂದು ಎಣಿಸುತ್ತ ಕೂರುವವರು ಹದಿಹರೆಯದವರಲ್ಲ. ಮೊನ್ನೆ ನಮ್ಮ ನೆಂಟರ ಮನೆಯಲ್ಲಿ ನಾಮಕರಣ. ಹುಡುಗಿ ಕಲಿತವಳು; ಆದರೂ ಅಜ್ಜಿಯ ಮಾತಿಗೆ ಬೆಲೆಕೊಟ್ಟು ಹನ್ನೊಂದು ದಿನದ ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟಿಟ್ಟಳು. ಇಟ್ಟವಳೇ ಎರಡು ಹೆಜ್ಜೆ ಹಿಂದೆ ಸರಿದು, ಬೊಟ್ಟು ಚೆನ್ನಾಗಿ ಕಾಣುವಂತೆ ಮಗುವಿನ ಮುಖವನ್ನು ಬೆಳಕಿಗೆ ತಿರುಗಿಸಿ, ಫೋಟೋ ತೆಗೆದು ಸಾವಿರದ ಇನ್ನೂರು ಜನಕ್ಕೆ ಕಳಿಸಿದಳು. ಒಲೆಯಿಲ್ಲದ ಅಡುಗೆಮನೆ, ಇಷ್ಟು ಕಣ್ಣಿಗೆ ಎಷ್ಟು ಮೆಣಸಿನಕಾಯಿ ಸುಡಬೇಕಾದೀತೋ!

ಮೊಮ್ಮಗಳಿಗೆ ನಾನು ಉಪದೇಶ ಮಾಡಲಿಲ್ಲ. ಉಪದೇಶವನ್ನು ಕೇಳುವ ವಯಸ್ಸು ಅದಲ್ಲ, ಮಾಡುವ ಅರ್ಹತೆ ನನಗಿದೆಯೋ ಎಂಬ ಅನುಮಾನವೂ ಇದೆ. ಈ ಲೇಖನ ಬರೆಯುತ್ತ ಕುಳಿತಿದ್ದಾಗ ಅವಳು ಬಂದು ಕುರ್ಚಿಯ ತೋಳಿನ ಮೇಲೆ ಕುಳಿತಳು.

“ತಾತ, ನೀವು ಪೇಪರಿಗೆ ಬರೀತೀರಲ್ಲ, ಎಷ್ಟು ಜನ ಓದ್ತಾರೆ?”

“ಗೊತ್ತಿಲ್ಲಮ್ಮ.”

“ಗೊತ್ತಿಲ್ಲದೇನೇ ಇಷ್ಟು ವರ್ಷ ಬರೆದಿರಾ?”

“ಒಂದು ಸಲ ತಿಪಟೂರಿನಿಂದ ಯಾರೋ ಕಾರ್ಡು ಬರೆದಿದ್ದರು. ಕೊಬ್ಬರಿಯ ವಿಷಯ ನಾನು ಹೇಳಿದ್ದು ಸರಿಯಿಲ್ಲ ಅಂತ.”

ಅವಳು ನಕ್ಕಳು. ಬಹಳ ದಿನದ ಮೇಲೆ ಹಾಗೆ ನಕ್ಕಳು. ಆಮೇಲೆ ತನ್ನ ಫೋನಿನಲ್ಲಿ ಏನನ್ನೋ ಹುಡುಕಿ, “ತಾತ, ಪೇಪರಿನವರ ತಾಣದಲ್ಲಿ ನಿಮ್ಮ ಹೋದ ಸಲದ ಲೇಖನ ಇದೆ. ಕೆಳಗೆ ನಂಬರೂ ಇದೆ. ಹೇಳಲಾ?” ಎಂದಳು.

ನಾನು ಬೇಡವೆಂದೆ. ಅವಳು ಫೋನನ್ನು ಮಗುಚಿಟ್ಟಳು. ಬರೆಯುವುದು ಮುಂದುವರಿಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿದೆ, ತೆಗೆದೆ, ಕಿಟಕಿಯಾಚೆ ಎದುರುಮನೆಯಾಕೆ ಒಣಗಿದ ಬಟ್ಟೆ ಮಡಿಸುವುದನ್ನು ನೋಡಿದೆ. ರಾತ್ರಿ ಊಟಕ್ಕೆ ಕುಳಿತಾಗ, ಹೆಂಡತಿ ಸಾರು ತರಲು ಒಳಕ್ಕೆ ಹೋದ ಸಮಯ ನೋಡಿ, “ಪೂರ್ತಿ ಹೇಳಬೇಡ. ಎರಡಂಕಿಯೋ ಮೂರಂಕಿಯೋ ಅಷ್ಟು ಮಾತ್ರ ಹೇಳು” ಎಂದೆ.